ತೋಟದ ಲೈನಿನಲ್ಲಿ ದೊಡ್ಡ ಕಾರ್ಡು

ಮೊದಲೇ ಹೇಳಿಬಿಡುತ್ತೇನೆ. ಆ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಕೊಟ್ಟೆ ಅಂತ ಯಾರೂ ಕೇಳಬೇಡಿ, ನಾನು ಹೇಳುವುದಿಲ್ಲ. ನಮ್ಮ ಯಜಮಾನರು ಹನುಮಂತರಾಜು ಅವರಿಗೇ ಹೇಳಿಲ್ಲ. ತೋಟ ನನ್ನ ಹೆಸರಿನಲ್ಲಿದೆ, ಕೊಬ್ಬರಿ ಮಾರಿದ ದುಡ್ಡು ಆ ತೋಟದ್ದು. ಅದೇ ದುಡ್ಡಿನಲ್ಲಿ ನಾನು ಒಡವೆ ಮಾಡಿಸಿದ್ದರೆ ಊರ ಹೆಂಗಸರೆಲ್ಲ ಬಂದು ಮುಟ್ಟಿ ನೋಡಿ ಚೆನ್ನಾಗಿದೆ ಅಂತ ಹೇಳಿ ಹೋಗುತ್ತಿದ್ದರು. ಕಂಪ್ಯೂಟರಿಗೆ ಹಾಕಿದೆ ನೋಡಿ, ಅದಕ್ಕೇ ಇಷ್ಟೆಲ್ಲ ರಾಮಾಯಣವಾಯಿತು.

ನನ್ನ ಹೆಸರು ಮಂಜುಳಮ್ಮ. ಗುಬ್ಬಿಯ ಹತ್ತಿರ ತೋಟದ ಮನೆ ನಮ್ಮದು. ವಯಸ್ಸು ಐವತ್ತು ದಾಟಿದೆ. ಕಂಪ್ಯೂಟರಿನಲ್ಲಿ ಲಾರಿ ಓಡಿಸುವುದು ನನ್ನ ಹುಚ್ಚು. ನಗುವವರು ಈಗಲೇ ನಕ್ಕು ಮುಗಿಸಿಕೊಳ್ಳಿ, ಆಮೇಲೆ ಮುಂದಕ್ಕೆ ಹೋಗೋಣ.

ಈ ಹುಚ್ಚು ಹಿಡಿದದ್ದು ತೋಟದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ ವರ್ಷ. ನಮ್ಮ ಭಾವ, ಯಜಮಾನರ ಅಣ್ಣ ಮೋಹನ್‌ಕುಮಾರ್ ಅವರ ಮಗ ಚೈತನ್ಯ ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಚಿಕ್ಕಮ್ಮನಿಗೆ ಮಲಗಿ ಮಲಗಿ ಬೇಜಾರಾಗುತ್ತದೆ ಅಂತ ತನ್ನ ಹಳೇ ಕಂಪ್ಯೂಟರ್ ತಂದಿಟ್ಟು ಹೋದ. ಧಾರಾವಾಹಿ ನೋಡಿಕೊಂಡಿರಲಿ ಅಂತ ಅವನ ಯೋಚನೆ. ಅದರೊಳಗೆ ಲಾರಿ ಓಡಿಸುವ ಆಟವೊಂದು ಇತ್ತು. ಒಂದು ದಿನ ಸುಮ್ಮನೆ ಒತ್ತಿ ನೋಡಿದೆ. ಧಾರಾವಾಹಿಗಳ ಕಥೆ ಅಲ್ಲಿಗೇ ಮುಗಿಯಿತು.

ನಮ್ಮಪ್ಪ ವೆಂಕಟರಂಗಯ್ಯ ತುಮಕೂರಿನ ಹತ್ತಿರದ ಕೋರದವರು, ಲಾರಿ ಡ್ರೈವರ್. ಚಿಕ್ಕಂದಿನಲ್ಲಿ ನನ್ನನ್ನೂ ತಮ್ಮನನ್ನೂ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಬಯಲು ಸಿಕ್ಕಾಗ ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನ ಕೈಗೆ ಸ್ಟೇರಿಂಗ್ ಕೊಡುತ್ತಿದ್ದರು. ನನಗೆ ಹಾರನ್ ಒತ್ತಲು ಬಿಡುತ್ತಿದ್ದರು. ಅಪ್ಪನ ಮೇಲೆ ನನಗೇನೂ ಸಿಟ್ಟಿಲ್ಲ, ಆ ಕಾಲವೇ ಹಾಗಿತ್ತು. ಆದರೆ ಆ ಸ್ಟೇರಿಂಗ್ ಮೇಲಿನ ಆಸೆ ಮಾತ್ರ ನನ್ನನ್ನು ಬಿಟ್ಟು ಹೋಗಲಿಲ್ಲ.

ಕಾಲು ಸರಿಹೋದ ಮೇಲೆ ತುಮಕೂರಿಗೆ ಹೋಗಿ ಸಯೀದ್ ಅಂಗಡಿ ಹುಡುಕಿದೆ. ಸಯೀದ್ ಕಂಪ್ಯೂಟರ್ ಜೋಡಿಸಿ ಮಾರುತ್ತಾನೆ, ರಿಪೇರಿ ಮಾಡುತ್ತಾನೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಆಟದ ಹುಚ್ಚಿರುವವರೆಲ್ಲ ಸೇರುತ್ತಾರೆ. ಚೈತನ್ಯನೂ ಅಲ್ಲಿಯವನೇ. ಮೊದಲ ಸಲ ನಾನು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಾಗ ಹುಡುಗರೆಲ್ಲ ಎದ್ದು ನಿಂತುಬಿಟ್ಟರು, ಯಾರದೋ ತಾಯಿ ಬೈಯಲು ಬಂದಿದ್ದಾರೆ ಅಂದುಕೊಂಡು. ಎರಡು ಭಾನುವಾರ ಕಳೆದ ಮೇಲೆ ಜಾಗ ಕೊಟ್ಟು ಸರಿದು ಕೂತರು.

ಅಲ್ಲೇ ಪರಿಚಯವಾದದ್ದು ಅರ್ಶಿಯಾ. ಸಯೀದನ ತಂಗಿ, ಕುಣಿಗಲ್ಲಿಗೆ ಮದುವೆಯಾಗಿ ಹೋದವಳು. ಆ ಲಾರಿ ಆಟಕ್ಕೆ ಹೊಸ ರಸ್ತೆಗಳನ್ನು ತಾನೇ ಮಾಡಿ ಸೇರಿಸುತ್ತಾಳೆ. ಗುಬ್ಬಿಯಿಂದ ಹೊರಟು ತುಮಕೂರು ಹಾದು, ಹೆಬ್ಬೂರು, ಕುಣಿಗಲ್ ದಾಟಿ ಹುತ್ರಿದುರ್ಗದ ಬೆಟ್ಟದ ಬುಡದವರೆಗೆ ಒಂದು ರಸ್ತೆ ಮಾಡಿದ್ದಳು. ಅವಳ ತೆಂಗಿನಮರಗಳನ್ನು ನೋಡಿ ನಾನು, ಇದೇನಮ್ಮ ಎಲ್ಲ ಮರವೂ ಒಂದೇ ಅಚ್ಚಿನಲ್ಲಿ ಹುಯ್ದಂಗಿದೆ, ಒಣಗಿದ ಗರಿ ಎಲ್ಲಿ, ಬಾಗಿದ ಮರ ಎಲ್ಲಿ ಅಂತ ಕೇಳಿದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ನಮ್ಮ ತೋಟಕ್ಕೇ ಬಂದು ಮರಗಳ ಫೋಟೋ ತೆಗೆದುಕೊಂಡು ಹೋಗಿ ಎಲ್ಲವನ್ನೂ ಹೊಸದಾಗಿ ಮಾಡಿದಳು.

ಅದರಿಂದಲೇ ತೊಂದರೆ ಶುರುವಾಯಿತು. ಗರಿ ಗರಿಯಾಗಿ ಬರೆದ ಆ ತೋಟಗಳು ನನ್ನ ಹಳೇ ಕಂಪ್ಯೂಟರಿಗೆ ಭಾರವಾದವು. ಹೆಬ್ಬೂರು ಹತ್ತಿರ ಬಂತು ಅನ್ನುವಷ್ಟರಲ್ಲಿ ಚಿತ್ರ ತಡವರಿಸುತ್ತಿತ್ತು, ಲಾರಿ ಕುಂಟುತ್ತಿತ್ತು, ಆಮೇಲೆ ಎಲ್ಲ ನಿಂತೇಹೋಗುತ್ತಿತ್ತು. ನನ್ನ ತೋಟದ ಮರಗಳನ್ನೇ ನೋಡಿ ಬರೆದ ರಸ್ತೆ, ಅದರ ಕೊನೆಯನ್ನು ನಾನೇ ನೋಡಿರಲಿಲ್ಲ. ಹಾಗಾಗಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಈ ವರ್ಷ ಬಂದ ಎಲ್ಲಕ್ಕಿಂತ ದೊಡ್ಡದನ್ನೇ ತರಿಸು ಅಂತ ಸಯೀದನಿಗೆ ಹೇಳಿದೆ. ಅವನು ಎರಡು ಸಲ ಕೇಳಿದ. ನಾನು ಎರಡು ಸಲವೂ ಹೂಂ ಅಂದೆ.

ಕಾರ್ಡು ಬಂದ ಭಾನುವಾರ ಆ ಹಿಂದಿನ ಕೋಣೆ ಹೆಣ್ಣು ನೋಡುವ ಮನೆಯ ಹಾಗಿತ್ತು. ಒಬ್ಬೊಬ್ಬರಾಗಿ ಬಂದು ನೋಡಿದರು, ಎತ್ತಿ ತೂಕ ನೋಡಿದರು, ಒಂದೊಂದು ಕೊಂಕು ತೆಗೆದರು. ಇಟ್ಟಿಗೆಗಿಂತ ದಪ್ಪ ಇತ್ತು, ಮೂರು ಫ್ಯಾನು. ಪೂರ್ತಿ ಓಡಿದರೆ ಇದೊಂದೇ ಆರುನೂರರ ಹತ್ತಿರ ವಾಟ್ ತಿನ್ನುತ್ತದೆ ಅಂತ ಯಾರೋ ಅಂದರು. ಅಲ್ಲಿಂದ ವಾದ ಹತ್ತಿಕೊಂಡಿತು.

ಚೈತನ್ಯನದು ಒಂದೇ ಪಟ್ಟು. ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಅನ್ನುವುದನ್ನು ಇವರು ಫ್ರೇಮು ಅನ್ನುತ್ತಾರೆ. ಫ್ರೇಮು ಮುಖ್ಯ, ಕರೆಂಟು ಎಷ್ಟು ತಿಂದರೇನು ಅಂತ ಅವನು. ಅರ್ಶಿಯಾ ಒಪ್ಪಲಿಲ್ಲ. ಕೊನೆಯ ಕಾಲುಭಾಗ ಕರೆಂಟು ಬರೀ ಬಿಸಿಗೆ ಹೋಗುತ್ತದೆ, ಅಷ್ಟನ್ನು ಇಳಿಸಿದರೆ ನಾಲ್ಕಾರು ಫ್ರೇಮು ಹೋಗಬಹುದು, ಕಣ್ಣಿಗೆ ಗೊತ್ತೂ ಆಗುವುದಿಲ್ಲ ಅಂದಳು. ಇನ್ನೊಬ್ಬ, ಹೊಸ ಕಾರ್ಡು ತೋರಿಸುವ ಫ್ರೇಮುಗಳಲ್ಲಿ ಅರ್ಧ ಅದೇ ಊಹಿಸಿಕೊಂಡು ಸೇರಿಸಿದ್ದು, ಅವನ್ನು ಲೆಕ್ಕಕ್ಕೇ ಇಡಬಾರದು ಅಂತ ತಗಾದೆ ತೆಗೆದ. ಸಯೀದ್ ಕಾರ್ಡಿಗೆ ಹೋಗುವ ವೈರಿನ ತುದಿಯನ್ನು ಸರಿಯಾಗಿ ಒತ್ತದಿದ್ದರೆ ಕರಗಿಹೋಗುವ ಭಯವಿದೆ ಅಂದ. ಗಲಾಟೆ ಏರಿತು. ಪವರ್ ಇಳಿಸಿ ಓಡಿಸುವುದು ಅಂದರೆ ಆನೆ ತಂದು ಕುರಿ ಹಗ್ಗದಲ್ಲಿ ಕಟ್ಟಿದ ಹಾಗೆ ಅಂತ ಚೈತನ್ಯ ಹಂಗಿಸಿದ.

ನನಗೆ ಅಷ್ಟರಲ್ಲಿ ನಗು ಬಂದಿತ್ತು.

“ನಮ್ ಬೋರಿನ ಮೋಟ್ರು ಏಳೂವರೆ ಎಚ್‌ಪಿ ಕಣ್ರಪ್ಪಾ,” ಅಂದೆ. “ನಿಮ್ ಕಾರ್ಡು ಒಂದ್ ಎಚ್‌ಪಿನೂ ಮುಟ್ಟಲ್ಲ. ಇದುಕ್ಕಿಷ್ಟು ಪಂಚಾಯ್ತಿನಾ?”

ಎಲ್ಲರೂ ನಕ್ಕರು. ಚೈತನ್ಯ ಮಾತ್ರ ನಗಲಿಲ್ಲ. ಮೋಟಾರು ಒರಟು ಯಂತ್ರ, ಇದು ಸೂಕ್ಷ್ಮ ಅಂದ. ನಮ್ಮದು ಊರೊಳಗಿನ ಲೈನಲ್ಲ, ತೋಟದ ಪಂಪ್‌ಸೆಟ್ ಲೈನು. ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಬಂದ ಕೂಡಲೇ ಸುತ್ತಲಿನ ಮೋಟಾರುಗಳೆಲ್ಲ ಒಂದರ ಹಿಂದೊಂದು ಓಡುತ್ತವೆ, ಮನೆಯ ಬಲ್ಬು ದೀಪದ ಬತ್ತಿಯ ಹಾಗಾಗುತ್ತದೆ. ಅಂಥ ಕಡೆ ಈ ಕಾರ್ಡು ಓಡುವುದೇ ಇಲ್ಲ ಅಂದ. ಇಲ್ಲಿಯವರೆಗೆ ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆಮೇಲೆ ಮನಸ್ಸಿನಲ್ಲಿದ್ದದ್ದು ಹೊರಗೆ ಬಂತು.

“ಚಿಕ್ಕಮ್ಮ, ಇದನ್ನ ನಂಗ್ ಕೊಡಿ. ನನ್ ಕಾರ್ಡ್ ನಿಮ್ಗ್ ಹಾಕ್ಸ್ತೀನಿ. ಮುಂದಿನ್ ತಿಂಗ್ಳು ಗೇಮಿಂಗ್ ಕಾಂಪಿಟಿಷನ್ ಇದೆ ನಂಗೆ. ನಿಮ್ ಲಾರಿಗೆ ನನ್ ಕಾರ್ಡೇ ಜಾಸ್ತಿ ಆಯ್ತು.”

ಕೋಣೆಯಲ್ಲಿ ಯಾರೂ ಅದು ತಪ್ಪು ಅನ್ನಲಿಲ್ಲ. ಅಲ್ಲಿಯವರೆಗೆ ಒಬ್ಬರ ಮಾತಿಗೆ ಇನ್ನೊಬ್ಬರು ಹಾರಿ ಬೀಳುತ್ತಿದ್ದವರು ಈ ಒಂದು ಮಾತಿಗೆ ಸುಮ್ಮನಾದರು. ಸಯೀದ್ ತಲೆ ತಗ್ಗಿಸಿ ಯಾವುದೋ ಸ್ಕ್ರೀನ್ ಒರೆಸತೊಡಗಿದ. ನನಗೆ ಮೈಯೆಲ್ಲ ಉರಿಯಿತು. ವಾಟು, ಫ್ರೇಮು, ಬಿಸಿ ಅಂತ ಅಷ್ಟು ಹೊತ್ತು ಆಡಿದ್ದೆಲ್ಲ ಬರೀ ಮೇಲುಮಾತು, ಒಳಗಿದ್ದದ್ದು ಇವಳಿಗ್ಯಾಕೆ ಇದು ಅನ್ನುವ ಪ್ರಶ್ನೆ ಅಂತ ಆಗ ತಿಳಿಯಿತು.

ಸಿಟ್ಟಿನಲ್ಲಿ ಬಾಯಿ ಜಾರಿತು. ಬರುವ ಶನಿವಾರ ಎಲ್ಲರೂ ನಮ್ಮ ಮನೆಗೆ ಬನ್ನಿ ಅಂದೆ. ಹಗಲು ಹೊತ್ತು ತ್ರೀ ಫೇಸ್ ಬಂದು ಮೋಟಾರುಗಳೆಲ್ಲ ಓಡುವಾಗಲೇ ಗುಬ್ಬಿಯಿಂದ ಹುತ್ರಿದುರ್ಗದವರೆಗೆ ಅರ್ಶಿಯಾಳ ರಸ್ತೆಯಲ್ಲಿ ಲಾರಿ ಓಡಿಸುತ್ತೇನೆ. ನಡುವೆ ಕಂಪ್ಯೂಟರ್ ನಿಂತರೆ ಕಾರ್ಡು ಅವತ್ತೇ ಚೈತನ್ಯನದು. ನಿಲ್ಲದಿದ್ದರೆ ಇನ್ನು ಯಾರೂ ಅದರ ಸುದ್ದಿ ಎತ್ತಬಾರದು. ಚೈತನ್ಯ ತಕ್ಷಣ ಒಪ್ಪಿಕೊಂಡ, ಅದೇ ನನಗೆ ಹೆದರಿಕೆ ತರಿಸಿತು.

ಆ ವಾರವೆಲ್ಲ ಮನೆಯಲ್ಲಿ ಅದೇ ಮಾತು. ಭಾವ ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ನಮ್ಮ ತೋಟಕ್ಕೆ ಅಂಟಿಕೊಂಡ ಹಾಗೆ ಅವರ ತೋಟ. ಬೇಲಿಯ ಆಚೆಯಿಂದಲೇ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಮ್ಮ ಅಂದರು. ಅವರ ಹೆಂಡತಿ, ನನ್ನ ವಾರಗಿತ್ತಿ ರಂಗಲಕ್ಷ್ಮಮ್ಮ, ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಅಂತ ನನಗೆ ಕೇಳುವ ಹಾಗೇ ಆಳಿಗೆ ಹೇಳಿದಳು. ನಮ್ಮ ಯಜಮಾನರು ಕಡಿಮೆ ಮಾತಿನವರು. “ಮಾತು ಕೊಟ್ಬಿಟ್ಟಲ್ಲೇ,” ಅಂದರು ಅಷ್ಟೆ. ಅದರಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

ಶನಿವಾರ ಬೆಳಗ್ಗೆ ಸಯೀದ್ ಮತ್ತು ಅರ್ಶಿಯಾ ಆ ಕಾರ್ಡು ಹಾಕಿ ಜೋಡಿಸಿದ ಕಂಪ್ಯೂಟರನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನ ಹಾಗೆ ಕೂರಿಸಿಕೊಂಡು ಬಂದರು. ಹಿಂದೆಯೇ ಚೈತನ್ಯ. ಅವನ ಹಿಂದೆ ಭಾವ, ಕಂಕುಳಲ್ಲಿ ಅವರ ಹಳೇ ಫ್ರಿಜ್ಜಿನ ಸ್ಟೆಬಿಲೈಸರ್. ನಮ್ಮ ಕಡೆ ಟಿವಿಗಿಂತ ಮೊದಲು ಮನೆಗೆ ಸ್ಟೆಬಿಲೈಸರ್ ಬರುತ್ತದೆ. ಬೆಲೆಬಾಳುವ ಯಾವ ಸಾಮಾನನ್ನೂ ಅದಿಲ್ಲದೆ ಯಾರೂ ಗೋಡೆಗೆ ಸಿಕ್ಕಿಸುವುದಿಲ್ಲ, ಅಳಿಯನಿಗೆ ಮಣೆ ಹಾಕದೆ ಕೂರಿಸಿದ ಹಾಗೆ ಅದು. ನೀನು ಯಾರ ಮಾತೂ ಕೇಳುವವಳಲ್ಲ, ಇಷ್ಟಾದರೂ ಹಾಕಿಕೋ, ಸಾಮಾನು ಉಳಿಯಲಿ ಅಂತ ಭಾವ ಅಂದರು. ಅದು ನಿಜವಾದ ಕಾಳಜಿಯೇ. ನಾನೂ ಒಳ್ಳೆಯದೇ ಆಯಿತು ಅಂತ ಇಸಿದುಕೊಂಡೆ. ಸಯೀದ್ ಕೂಡ ಬೇಡ ಅನ್ನಲಿಲ್ಲ, ಅವನ ಮನೆಯಲ್ಲೂ ಅದೇ ಪದ್ಧತಿ.

ಎಲ್ಲರಿಗೂ ಕಾಫಿ ಕೊಟ್ಟು ಮುಗಿಸುವ ಹೊತ್ತಿಗೆ ತ್ರೀ ಫೇಸ್ ಬಂತು. ಸ್ವಲ್ಪ ಹೊತ್ತಿಗೆ ನಮ್ಮ ಮೋಟಾರು ಶುರುವಾಯಿತು, ಆಮೇಲೆ ಸುತ್ತಲಿನವರದು. ಈಗ ಯಾರೂ ಮೋಟಾರು ಹಾಕಲು ತೋಟಕ್ಕೆ ಹೋಗುವುದಿಲ್ಲ, ಹೆಚ್ಚಿನವರು ಆಟೋ ಸ್ಟಾರ್ಟರ್ ಕೂರಿಸಿಕೊಂಡಿದ್ದಾರೆ, ಕರೆಂಟು ಬಂದರೆ ತಾನಾಗಿ ಓಡುತ್ತದೆ. ಕೋಣೆಯ ಬಲ್ಬು ಕೆಂಪಗಾಯಿತು. ಫ್ಯಾನು ಸೋತವರ ಹಾಗೆ ತಿರುಗತೊಡಗಿತು. ಚೈತನ್ಯ ಮೇಲೆ ನೋಡಿ ಸಣ್ಣಗೆ ನಕ್ಕ.

ನಾನು ದೇವರ ಪಟದ ಕಡೆಗೊಮ್ಮೆ ನೋಡಿ ಮೇಜಿಗೆ ಸಿಕ್ಕಿಸಿದ ಆಟದ ಸ್ಟೇರಿಂಗ್ ಹಿಡಿದೆ. ಕಾರ್ಡು ಪೂರ್ತಿ ಪವರಿನಲ್ಲೇ ಇರಬೇಕು ಅಂತ ಚೈತನ್ಯ ಹಟ ಹಿಡಿದಿದ್ದ, ಹಾಗೇ ಇಟ್ಟಿದ್ದೆವು. ಲಾರಿ ಗುಬ್ಬಿ ಬಿಟ್ಟಿತು. ಚಿತ್ರ ಎಷ್ಟು ನಯವಾಗಿ ಓಡಿತೆಂದರೆ ಒಂದು ಕ್ಷಣ ನನಗೆ ಪಂದ್ಯವೇ ಮರೆತುಹೋಯಿತು. ರಸ್ತೆ ಪಕ್ಕದ ಮರದ ನೆರಳು ಬಾನೆಟ್ಟಿನ ಮೇಲೆ ಹರಿದು ಹೋಗುತ್ತಿತ್ತು. ತುಮಕೂರಿನಲ್ಲಿ ಕುಣಿಗಲ್ ರಸ್ತೆಗೆ ತಿರುಗಿಸಿದೆ, ಅಷ್ಟೆ. ಸ್ಕ್ರೀನು ಕಪ್ಪಾಯಿತು. ಕಂಪ್ಯೂಟರ್ ಆರಿಹೋಯಿತು.

ನಾನು ಹೇಳಿರಲಿಲ್ಲವಾ ಅನ್ನುವ ಮುಖ ಮಾಡಿಕೊಂಡು ಚೈತನ್ಯ ಕೈಕಟ್ಟಿ ನಿಂತ. ಅರ್ಶಿಯಾ ಮಾತ್ರ ಮುಂದೆ ಬಂದು, ಇನ್ನೊಂದು ಸಲ ನೋಡೋಣ, ಪವರ್ ಇಳಿಸಿ ಓಡಿಸೋಣ ಅಂದಳು. ಚೈತನ್ಯ ದೊಡ್ಡ ಮನಸ್ಸು ಮಾಡಿ ಒಪ್ಪಿದ. ಕಾಲುಭಾಗ ಇಳಿಸಿ ಮತ್ತೆ ಗುಬ್ಬಿಯಿಂದ ಹೊರಟೆ. ಇಳಿಸಿದ್ದು ನನ್ನ ಕಣ್ಣಿಗೆ ಗೊತ್ತೇ ಆಗಲಿಲ್ಲ, ಆ ವಾದದಲ್ಲಿ ಅರ್ಶಿಯಾಳೇ ಗೆದ್ದಳು. ಈ ಸಲ ತುಮಕೂರು ದಾಟಿತು, ಹೆಬ್ಬೂರು ಬಂತು, ನಮ್ಮದೇ ಮರಗಳ ತೋಟ ಎರಡೂ ಕಡೆ ತೆರೆದುಕೊಂಡಿತು. ಅಷ್ಟರಲ್ಲಿ ಮತ್ತೆ ಎಲ್ಲ ಕಪ್ಪು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನನಗೆ ಅಳು ಬಂತು. ಬಂತು ಅಂತಲೇ ಹೇಳುತ್ತೇನೆ, ಅದರಲ್ಲಿ ಮುಚ್ಚಿಡುವುದೇನಿದೆ. ಚೈತನ್ಯ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಅವನು ಅದನ್ನು ಮನೆಯಿಂದಲೇ ತಂದಿದ್ದ. ಸಯೀದ್ ಮುಖ ಬೇರೆ ಕಡೆ ತಿರುಗಿಸಿದ. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಮಾತು ಮಾತೇ. ಕೊಡಬೇಕಾದ್ದನ್ನು ಕೊಟ್ಟೇಬಿಡೋಣ ಅಂತ ಕುರ್ಚಿಯಿಂದ ಏಳಲು ಹೊರಟೆ. ಆಗ ಕಾಲ ಬಳಿ ಟಕ್ ಅಂತ ಸದ್ದಾಯಿತು. ಕಂಪ್ಯೂಟರಿನ ಹಿಂದೆ ಕರೆಂಟು ಬಂದ ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ದೀಪ ಹೋಯಿತು.

ಆ ಟಕ್ ನನಗೆ ಗೊತ್ತು. ವರ್ಷಗಟ್ಟಲೆ ಭಾವನ ಮನೆಯ ಅಡಿಗೆಮನೆಯಲ್ಲಿ ಅದನ್ನು ಕೇಳಿದ್ದೇನೆ. ವೋಲ್ಟೇಜು ಕಡಿಮೆಯಾದರೆ ಆ ಸ್ಟೆಬಿಲೈಸರ್ ಪೆಟ್ಟಿಗೆ ಟಕ್ ಅಂತ ಕರೆಂಟನ್ನೇ ಕಡಿದುಬಿಡುತ್ತದೆ, ಫ್ರಿಜ್ಜು ಕೆಡಬಾರದು ಅಂತ. ಅದಕ್ಕೇ ಅವರ ಮನೆಯಲ್ಲಿ ಬೇಸಿಗೆಯ ಹಗಲಿನಲ್ಲಿ ಹಾಲು ಒಡೆಯುತ್ತಿತ್ತು. ಎರಡು ಸಲವೂ ಚಿತ್ರ ಹೋಗುವ ಮೊದಲು ಅದೇ ಸದ್ದು ನನ್ನ ಕಿವಿಗೆ ಬಿದ್ದಿತ್ತು, ಅಭ್ಯಾಸವಾದದ್ದಕ್ಕೆ ಮನಸ್ಸು ಅದನ್ನು ತಗೊಂಡಿರಲಿಲ್ಲ.

ತಲೆ ಎತ್ತಿ ನೋಡಿದೆ. ಬಲ್ಬು ಕೆಂಪಗೆ ಉರಿಯುತ್ತಲೇ ಇತ್ತು.

“ತಡಿಯೋ ಚೈತು,” ಅಂದೆ. “ಬಲ್ಬ್ ಉರೀತೈತೆ. ಫ್ಯಾನ್ ತಿರುಗ್ತೈತೆ. ಲೈನಲ್ಲಿ ಕರೆಂಟೇನ್ ಹೋಗ್ಲಿಲ್ವಲ್ಲ. ಕಂಪ್ಯೂಟ್ರೊಂದೇ ಯಾಕ್ ಹೋಯ್ತು?”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಭಾವ ಕೂತಲ್ಲಿಂದಲೇ ಗೊಣಗಿದರು. ಅರ್ಶಿಯಾ ನನ್ನ ಮುಖ ನೋಡಿದಳು, ಸ್ಟೆಬಿಲೈಸರ್ ನೋಡಿದಳು. ಆಮೇಲೆ ಮೊಬೈಲಿನ ಬೆಳಕು ಹಿಡಿದು ಮಂಡಿಯೂರಿ, ಕಂಪ್ಯೂಟರಿನ ಹಿಂಬದಿಯಲ್ಲಿ ವೈರು ಹೋಗುವ ಜಾಗದ ಚೀಟಿ ಓದಿದಳು. ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಪವರ್ ಸಪ್ಲೈ ಅನ್ನುವ ಡಬ್ಬಿ ನೂರು ವೋಲ್ಟಿನಿಂದ ಇನ್ನೂರ ನಲವತ್ತರವರೆಗೆ ಎಷ್ಟು ಬಂದರೂ ಸರಿದೂಗಿಸಿಕೊಳ್ಳುತ್ತದೆ ಅಂತ ಅಲ್ಲಿ ಬರೆದಿತ್ತು. ಹಾಗಾದರೆ ಈ ಫ್ರಿಜ್ಜಿನ ಪೆಟ್ಟಿಗೆ ನಡುವೆ ಬೇಕೇ ಇರಲಿಲ್ಲ. ನಮ್ಮ ಲೈನು ಕುಂಟುತ್ತದೆ ನಿಜ, ಆದರೆ ನೂರಕ್ಕಿಂತ ಕೆಳಗೆ ಹೋಗುವುದಿಲ್ಲ, ಹೋದರೆ ಮೋಟಾರುಗಳೇ ಓಡುವುದಿಲ್ಲ. ಅರ್ಶಿಯಾ ಅಣ್ಣನ ಕಡೆ ತಿರುಗಿದಳು. ಸಯೀದ್ ನಾಲಿಗೆ ಕಚ್ಚಿಕೊಂಡ. ಅಷ್ಟು ಕಂಪ್ಯೂಟರ್ ಜೋಡಿಸಿದವನಿಗೆ ಇದು ಗೊತ್ತಿಲ್ಲ ಅಂತಲ್ಲ, ಸ್ಟೆಬಿಲೈಸರನ್ನು ಅನುಮಾನಿಸಬಹುದು ಅಂತಲೇ ಅವನಿಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ನಾನು ಬಗ್ಗಿ ಪ್ಲಗ್ಗಿಗೆ ಕೈ ಹಾಕಿದೆ.

ಎಲ್ಲರೂ ಒಟ್ಟಿಗೆ ಬೇಡ ಅಂದರು. ಡೈರೆಕ್ಟ್ ಹಾಕಬೇಡಿ ಅಂತ ಸಯೀದ್, ಹುಚ್ಚು ಹಿಡಿದಿದೆಯಾ ಅಂತ ಭಾವ. ಪಂದ್ಯ ಮುಗಿದಿದೆ, ಎರಡು ಸಲ ನಿಂತಿದೆ ಅಂತ ಚೈತನ್ಯ. ಈಗ ಅದು ತನ್ನದೇ ಕಾರ್ಡು ಅನ್ನುವ ಹಾಗೆ ಅವನು ಅಡ್ಡ ಬಂದು ನಿಂತಿದ್ದ.

“ಸುಟ್ಟೋದ್ರೆ ಏನ್ ಮಾಡ್ತಿ?” ಅಂತ ಭಾವ ಕೇಳಿದರು.

“ಸುಟ್ಟೋದ್ರೆ ನಂದು ಸುಡ್ತದೆ ಭಾವ,” ಅಂದೆ. “ನಿಂತಿದ್ದು ನಿಮ್ ಪೆಟ್ಟಿಗೆ. ನನ್ ಕಾರ್ಡು ಇನ್ನೂ ನಿಂತಿಲ್ಲ.”

ಸ್ಟೆಬಿಲೈಸರನ್ನು ಕಿತ್ತು ಪಕ್ಕಕ್ಕಿಟ್ಟು ವೈರನ್ನು ನೇರವಾಗಿ ಗೋಡೆಗೆ ಸಿಕ್ಕಿಸಿದೆ. ಯಂತ್ರ ಹತ್ತಿಕೊಂಡಿತು, ಮೂರು ಫ್ಯಾನೂ ತಿರುಗಿದವು, ಸುಟ್ಟ ವಾಸನೆ ಬರಲಿಲ್ಲ. ಅರ್ಶಿಯಾ ಪವರ್ ಇಳಿಸಲು ಬಂದಳು. ಬೇಡ, ಪೂರ್ತಿ ಇರಲಿ, ಆಮೇಲೆ ಇಳಿಸಿಕೊಳ್ಳುವುದು ನನ್ನಿಷ್ಟ ಅಂದೆ. ಇವತ್ತು ಯಾರ ಬಾಯಿಗೂ ಒಂದು ಎಳೆ ಸಿಗಬಾರದು ಅಂತ ನನಗೆ ಹಟ ಬಂದಿತ್ತು. ಮೂರನೆಯ ಸಲ ಗುಬ್ಬಿ ಬಿಟ್ಟೆ.

ತುಮಕೂರು ಹೋಯಿತು. ಹೆಬ್ಬೂರು ಬಂತು. ತೋಟದೊಳಗೆ ಲಾರಿ ನುಗ್ಗಿತು. ಬಾಗಿದ ಮರ, ನೇತಾಡುವ ಒಣಗರಿ, ಗೊನೆಯ ಕೆಳಗಿನ ನೆರಳು, ಎಲ್ಲ ಒಂದಿಷ್ಟೂ ತಡವರಿಸದೆ ಹಿಂದಕ್ಕೆ ಹೋದವು. ಅಪ್ಪನ ಕ್ಯಾಬಿನ್ನಿನ ಡೀಸೆಲ್ ವಾಸನೆ ಮೂಗಿಗೆ ಬಂದ ಹಾಗಾಯಿತು. ತೋಟ ದಾಟಿ ಬಯಲಿಗೆ ಬಂದಾಗ ಚೈತನ್ಯ ಒಂದು ಮಾತು ತೆಗೆದ. ಅಪ್ಪನ ದೊಡ್ಡ ಮೋಟಾರು ಇವತ್ತು ಇನ್ನೂ ಓಡಿಲ್ಲ, ಅದು ಓಡಿದರೆ ಗೊತ್ತಾಗುತ್ತದೆ ಅಂದ.

ಭಾವ ಈ ವರ್ಷ ಹತ್ತು ಎಚ್‌ಪಿ ಮೋಟಾರು ಇಳಿಸಿದ್ದರು. ಅದಕ್ಕೆ ಮೊಬೈಲ್ ಸ್ಟಾರ್ಟರ್, ಕೂತಲ್ಲಿಂದ ಫೋನು ಮಾಡಿದರೆ ಬೋರಿನ ಹತ್ತಿರ ಮೋಟಾರು ಶುರುವಾಗುತ್ತದೆ. ನಮ್ಮ ಮನೆಗೆ ಬರುವ ಕರೆಂಟಿಗೂ ಅದಕ್ಕೂ ಒಂದೇ ಕಂಬ. ಅದು ಓಡಿದಾಗಲೆಲ್ಲ ನಮ್ಮ ಟಿವಿ ಕಣ್ಣು ಮುಚ್ಚಿ ತೆರೆಯುತ್ತದೆ. ಭಾವ ಮಗನ ಕಡೆ ನೋಡಿದರು, ಫೋನು ತೆಗೆಯಲಿಲ್ಲ. ಹಾಕಬಾರದು ಅಂತ ಅವರಿಗೂ ಅನ್ನಿಸಿರಬೇಕು. ಹಾಗೆ ನನ್ನ ಮೇಲೆ ಕನಿಕರ ತೋರಿಸಿ ನನ್ನನ್ನು ಗೆಲ್ಲಿಸುವುದು ಯಾರಿಗೆ ಬೇಕಾಗಿತ್ತು?

ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ಹಾಕಿ ಭಾವ, ನಿಮ್ ಮೋಟ್ರುನೂ,” ಅಂದೆ. “ನಾಳೆ ಯಾರೂ ಮಾತಾಡ್ಬಾರ್ದು.”

ಭಾವ ಫೋನು ಒತ್ತಿ ಕಿವಿಗಿಟ್ಟುಕೊಂಡರು. ನಾನು ಕುಣಿಗಲ್ ಊರೊಳಗೆ ಬಂದಿದ್ದೆ. ಬೇಲಿಯ ಆಚೆಯಿಂದ ಮೋಟಾರಿನ ಗುಂಯ್ ಸದ್ದು ಎದ್ದಿತು. ಬಲ್ಬಿನೊಳಗೆ ಒಂದು ಕೆಂಪು ತಂತಿ ಮಾತ್ರ ಉಳಿಯಿತು. ಫ್ಯಾನಿನ ರೆಕ್ಕೆಗಳನ್ನು ಎಣಿಸಬಹುದಾಗಿತ್ತು. ಸ್ಕ್ರೀನು ಒಂದು ಸಲ ಮಿನುಗಿತು. ಲಾರಿ ನಿಲ್ಲಲಿಲ್ಲ.

ಕುಣಿಗಲ್ ಕೆರೆಯ ಏರಿ ಪಕ್ಕಕ್ಕೆ ಸರಿಯಿತು. ಆಮೇಲೆ ರಾಗಿ ಹೊಲಗಳು, ತಿರುವುಗಳು. ದೂರದಲ್ಲಿ ಹುತ್ರಿದುರ್ಗದ ಬೆಟ್ಟ ಏಳತೊಡಗಿತು. ಅದರ ಮೇಲಿನ ಕೋಟೆಯ ಗೋಡೆ, ಬಂಡೆಯ ಮೇಲಿನ ಬಿಸಿಲು, ಎಲ್ಲವನ್ನೂ ಆ ಹುಡುಗಿ ಎಷ್ಟು ಆಸ್ಥೆಯಿಂದ ಬರೆದಿದ್ದಳು. ಇಷ್ಟು ದಿನ ನನಗೆ ಅಲ್ಲಿಯವರೆಗೆ ಬರಲೇ ಆಗಿರಲಿಲ್ಲ. ಬೆಟ್ಟದ ಬುಡದಲ್ಲಿ ಲಾರಿ ನಿಲ್ಲಿಸಿ ಹಾರನ್ ಒತ್ತಿದೆ. ಇನ್ನೊಂದು ಸಲ ಒತ್ತಿದೆ. ಅರ್ಶಿಯಾ ಕಣ್ಣು ಒರೆಸಿಕೊಂಡು ನಕ್ಕಳು.

ಇಲ್ಲಿಗೆ ಮುಗಿಯಬೇಕಿತ್ತು ಅಲ್ಲವೇ? ಮುಗಿಯಲಿಲ್ಲ. ಭಾವ ಗಂಟಲು ಸರಿಮಾಡಿಕೊಂಡರು. ಅವರ ದನಿಯಲ್ಲಿ ಜಗಳ ಇರಲಿಲ್ಲ, ಮನೆಯ ಹಿರಿಯರು ಒಂದು ಗಂಟು ಬಿಡಿಸುವ ನಯ ಇತ್ತು.

“ಓಡ್ತು ಕಣಮ್ಮ, ನಾನಿಲ್ಲ ಅನ್ನಲ್ಲ. ಗೆದ್ದೆ. ಆದ್ರೂ ಯೋಚ್ನೆ ಮಾಡು. ಹುಡುಗ, ಬೆಳಿಯೋನು. ನಾಳೆ ಹೆಸ್ರು ಮಾಡ್ತಾನೆ. ನೀನೇ ಮನಸಾರೆ ಕೊಟ್ಬುಡು. ಈ ವಯಸ್ಸಲ್ಲಿ ನಿಂಗ್ಯಾಕ್ ಬೇಕು ಇದು?”

ನೋಡಿ, ಲೈನು ಸರಿಯಿಲ್ಲ ಅಂದರು, ಅದೇ ಲೈನಿನಲ್ಲಿ ಓಡಿಸಿ ತೋರಿಸಿದೆ. ಕಾರ್ಡು ನಿಲ್ಲುತ್ತದೆ ಅಂದರು, ಅವರದೇ ಮೋಟಾರು ಹಾಕಿಸಿ ಓಡಿಸಿದೆ. ಇನ್ನು ಅಡ್ಡ ಹೇಳಲು ವೋಲ್ಟು ವಾಟು ಏನೂ ಉಳಿದಿರಲಿಲ್ಲ, ಕೊನೆಗೆ ಅದೇ ಪ್ರಶ್ನೆ ಬಂತು. ಅಪ್ಪನ ಕಥೆ ಹೇಳಬಹುದಿತ್ತು. ಕಾಲು ಮುರಿದ ವರ್ಷ, ಆ ರಸ್ತೆ, ಮರ ಅಂತ ಕಾರಣಗಳನ್ನು ಜೋಡಿಸಬಹುದಿತ್ತು. ಬಾಯಿಗೂ ಬಂದಿದ್ದವು. ಆದರೆ ಚೈತನ್ಯನನ್ನು ಇವತ್ತಿನವರೆಗೆ ಯಾರಾದರೂ ನಿನಗ್ಯಾಕೆ ಬೇಕು ಅಂತ ಕೇಳಿದ್ದಾರಾ? ನಮ್ಮ ತಮ್ಮನನ್ನು ಕೇಳಿದ್ದರಾ?

“ನಂಗ್ ಬೇಕು ಭಾವ,” ಅಂದೆ. “ಅಷ್ಟೇ. ನಂಗ್ ಬೇಕು.”

ಭಾವ ಮುಂದಿನ ಮಾತಿಗೆ ಕಾದರು. ಬಾಗಿಲಲ್ಲಿದ್ದ ನಮ್ಮ ಯಜಮಾನರು ಒಳಗೆ ಬಂದು, ಅಣ್ಣನನ್ನೂ ದಾಟಿ, ನನ್ನ ಕುರ್ಚಿಯ ಪಕ್ಕ ನಿಂತರು. ಚೈತನ್ಯ ಅಷ್ಟು ಹೊತ್ತೂ ಸ್ಕ್ರೀನನ್ನೇ ನೋಡುತ್ತಿದ್ದವನು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಮೆಲ್ಲಗೆ, ಚಿಕ್ಕಮ್ಮ ಪೂರ್ತಿ ಪವರಿನಲ್ಲಿ ಇಡಬೇಡಿ, ಬೇಸಿಗೆಯಲ್ಲಿ ಕೋಣೆ ಕಾಯುತ್ತದೆ ಅಂದ. ಅದು ಸೋಲು ಒಪ್ಪಿಕೊಂಡದ್ದೋ ಬುದ್ಧಿವಾದವೋ ನಾನು ಕೆದಕಲಿಲ್ಲ. ಕಾಂಪಿಟಿಷನ್ನಿಗೆ ಅಭ್ಯಾಸ ಮಾಡಬೇಕಿದ್ದರೆ ಬಾ, ನಾನು ತೋಟದಲ್ಲಿರುವ ಹೊತ್ತು ಕೂತು ಆಡು, ಆದರೆ ಬರುವ ಮೊದಲು ಕೇಳು ಅಂದೆ. ಹೂಂ ಅಂದ.

ಹೊರಡುವಾಗ ಭಾವ ಸ್ಟೆಬಿಲೈಸರ್ ಇಲ್ಲೇ ಇರಲಿ, ಟಿವಿಗಾದರೂ ಆಗುತ್ತದೆ ಅಂದರು. ನಾನು ಬೇಡ ಅಂದೆ. ಆದರೆ ಬೇರೆಯವರ ಮನೆಯ ಸಾಮಾನನ್ನು ಬರಿದಾಗಿ ಹಿಂದಕ್ಕೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಒಂದು ಚೀಲಕ್ಕೆ ಸ್ಟೆಬಿಲೈಸರ್ ಇಟ್ಟು, ಅದರ ಮೇಲೆ ನಮ್ಮ ತೋಟದ ಎರಡು ತೆಂಗಿನಕಾಯಿ ಇಟ್ಟು ಅವರ ಕೈಗೆ ಕೊಟ್ಟೆ. ಅವರು ಚೀಲದೊಳಗೆ ನೋಡಿದರು, ನನ್ನನ್ನು ನೋಡಿದರು, ತಗೊಂಡು ಹೋದರು.

ಬೇಲಿಯ ಆಚೆ ಅವರ ಮೋಟಾರು ಇನ್ನೂ ಓಡುತ್ತಿತ್ತು, ಬಲ್ಬು ಇನ್ನೂ ಕೆಂಪಗಿತ್ತು. ನಾನು ಒಳಗೆ ಬಂದು, ಅರ್ಶಿಯಾ ಹೇಳಿದ ಹಾಗೆ ಕಾರ್ಡಿನ ಪವರನ್ನು ನನ್ನ ಕೈಯಿಂದಲೇ ಕಾಲುಭಾಗ ಇಳಿಸಿದೆ. ಲಾರಿ ಹುತ್ರಿದುರ್ಗದ ಬುಡದಲ್ಲಿ ನಿಂತಿತ್ತು. ಹಾರನ್ ಒತ್ತಲಿಲ್ಲ. ಸ್ಟೇರಿಂಗ್ ತಿರುಗಿಸಿ ಊರಿನ ಕಡೆಗೆ ಹೊರಟೆ.